ಆಳಕ್ಕೂ ಪ್ರಾಯಕ್ಕೂ ತಕ್ಕ ಮೀನು, ಸೀಗಡಿಗಳ ವಾಸಸ್ಥಾನ

ಕರಾವಳಿಯ ಜಲಚರಗಳೆಲ್ಲವೂ ಒಂದೇ ಆಳದಲ್ಲಿ ವಾಸಿಸತಕ್ಕವುಗಳಲ್ಲ. ಬೂತಾಯಿ, ಬಂಗುಡೆಗಳು ಮೇಲ್ನೀರಿನಲ್ಲಿ ಹಿಂಡುಗಟ್ಟಿ ಸಂಚರಿಸುವುವು; ನಂಗು ಮುಂತಾದುವು ತಳದ ಕೆಸರನ್ನು ಆಶ್ರಯಿಸುವುವು. ಪ್ರಾಯಭೇದದಿಂದಲೂ ವಾಸಸ್ಥಾನವು ಬದಲಾಗುವುದುಂಟು. ಬಿಳಿ ಸೀಗಡಿಯು ಸಮುದ್ರದಲ್ಲಿ ಮೊಟ್ಟೆಯಿಡುವುದು. ಸುಮಾರು 2–3 ವಾರಗಳಲ್ಲಿ ಮರಿಗಳು ಉಬ್ಬರದ ನೀರಿನೊಡನೆ ಅಳಿವೆಯನ್ನು ಹೊಕ್ಕು, ಕಾಂಡ್ಲಾ ಗಿಡಗಳ ಬೇರುಗಳ ನಡುವೆಯೂ ಅಘನಾಶಿನಿಯ ದಡದ ಗಜನಿ ಗದ್ದೆಗಳಲ್ಲಿಯೂ ಕೆಲವು ತಿಂಗಳು ಬೆಳೆದು, ಪ್ರಾಯಕ್ಕೆ ಬರುವ ಮೊದಲು ಕಡಲಿಗೆ ಮರಳುವುವು.

ಆದುದರಿಂದ ತೂಬಿನ ಬಾಯಿಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಿ ಮರಿಗಳನ್ನು ಹಿಡಿದರೆ, ಮುಂದೆ ಮೊಟ್ಟೆಯಿಡುವ ತಾಯಿಸೀಗಡಿಗಳೇ ಕಡಮೆಯಾಗುವುವು. ಜೂನ್ 1 ರಿಂದ ಜುಲೈ 31 ರವರೆಗೆ ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವುಂಟು. ಅಳಿವೆಯ ಮರಿಗಳ ರಕ್ಷಣೆಯಾದರೋ ಗದ್ದೆಯ ಒಡೆಯರ ಕೈಯಲ್ಲಿರುವುದು. ಅವರು ಅಗಲ ಕಣ್ಣಿನ ಬಲೆಯನ್ನೇ ಉಪಯೋಗಿಸತಕ್ಕದ್ದು. ಗ್ರಾಮದ ಮುಖಂಡರು ಕಾಂಡ್ಲಾ ಗಿಡಗಳನ್ನು ಕಡಿಯಗೊಡಬಾರದು.