ಘಟ್ಟವನ್ನೇರುವ ಗೂಡ್ಸ್ ಗಾಡಿ

ಮಂಡ್ಯ, ಮದ್ದೂರುಗಳ ಮಕ್ಕಳಿಗೆ ರೈಲೆಂದರೆ ಬತ್ತದ ಬಯಲು, ಕಬ್ಬಿನ ಗದ್ದೆಗಳ ನಡುವೆ ಸರಾಗವಾಗಿ ಸಾಗಿಹೋಗುವ ಗಾಡಿ. ರೈಲುದಾರಿಯಿಲ್ಲದ ಮಳವಳ್ಳಿಯ ಹುಡುಗರು ಅಷ್ಟನ್ನು ಕಾಣಲೂ ಮದ್ದೂರಿಗೆ ಬರಬೇಕು. ಆದರೆ ರೈಲು ಬೆವರು ಸುರಿಸಿ ದುಡಿಯುವುದನ್ನು ನೋಡಬೇಕೆಂಬ ಆಸೆಯುಳ್ಳವರು ಹಾಸನವನ್ನು ದಾಟಿ ಸಕಲೇಶಪುರದ ಘಟ್ಟಕ್ಕೇ ಹೋಗಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೆ ಮಿಕ್ಕಿದ ಸೇತುವೆಗಳು! 1979ರಲ್ಲಿ ಇಲ್ಲಿ ಮೀಟರ್ ಗೇಜ್ ಗಾಡಿಗಳು ಓಡತೊಡಗಿದವು. ದಾರಿಯನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಸಂಚಾರ ನಿಂತಿತು. 2006ರಲ್ಲಿ ಬ್ರಾಡ್ ಗೇಜ್ ಹಳಿಯ ಮೇಲೆ ಮೊದಲು ಬಂದವು ಸರಕಿನ ಗಾಡಿಗಳು. ಪ್ರಯಾಣಿಕರ ಸರದಿ ಬಂದುದು 2007ರ ಡಿಸೆಂಬರಿನಲ್ಲಿ.

ಏರುವುದೂ ಕಷ್ಟ, ಇಳಿಯುವುದೂ ಕಷ್ಟ

ಇಲ್ಲಿ ಐವತ್ತು ಅಡಿ ಮುಂದೆ ಹೋದರೆ ದಾರಿ ಒಂದು ಅಡಿ ಮೇಲೇರುತ್ತದೆ. ನಮ್ಮ ಕಾಲಿಗೆ ಇದು ಏರೇ ಅಲ್ಲ. ರೈಲಿಗೆ ಮಾತ್ರ ಪರ್ವತವೇ ಸರಿ. ನಾಲ್ಕು ಸಾವಿರ ಟನ್ ತೂಗುವ ಗಾಡಿಯೊಂದನ್ನು ಭಾವಿಸಿಕೊಳ್ಳಿ. ಅದನ್ನು ಹಿಂದಕ್ಕೆ ಜಗ್ಗುವ ಸೆಳೆತವೇ ಎಂಬತ್ತು ಟನ್ನಿನಷ್ಟು! ಆದಕಾರಣ ಭಾರವಾದ ಗಾಡಿಗಳನ್ನು ಮುಂದಿನ ಎಂಜಿನ್‌ಗಳು ಎಳೆದರೆ ಸಾಲದು. ಬಾಲದಲ್ಲಿ ಕಟ್ಟಿದ 'ಬ್ಯಾಂಕರ್' ಎಂಜಿನ್‌ಗಳು ಹಿಂದಿನಿಂದ ನೂಕಬೇಕು.

ಇಳಿಜಾರಿನಲ್ಲಿ ಅದೇ ಸೆಳೆತ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಆಗ ಚಕ್ರಗಳನ್ನು ತಿರುಗಿಸುವ ಮೋಟಾರುಗಳೇ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳಾಗಿ ವೇಗವನ್ನು ಹಿಡಿದಿಡುತ್ತವೆ. ಡೀಸೆಲ್ ಎಂಜಿನ್‌ಗಳಲ್ಲಿ ಈ ವಿದ್ಯುತ್ತು ಶಾಖವಾಗಿ ಗಾಳಿಯಲ್ಲಿ ಕರಗುತ್ತದೆ. ಬ್ರೇಕು ಕೈಕೊಟ್ಟರೆ ಗತಿಯೇನು? ಅದಕ್ಕೆಂದೇ ಹತೋಟಿ ತಪ್ಪಿದ ಗಾಡಿಯನ್ನು ಏರುದಾರಿಗೆ ತಿರುಗಿಸಿ ನಿಲ್ಲಿಸುವ ಕವಲು ಹಳಿಗಳನ್ನು ಘಟ್ಟಗಳಲ್ಲಿ ಹಾಕಿರುತ್ತಾರೆ.

ಕ್ಯಾಮೆರಾ ಹಿಡಿದವರಿಗೆ

ದೋಣಿಗಲ್, ಎಡಕುಮೇರಿ, ಶಿರಿಬಾಗಿಲು—ಹೆಸರುಗಳೇ ಎಷ್ಟು ಸೊಗಸು! ಇದು ಒಂಟಿ ಹಳಿಯ ದಾರಿ. ಒಂದು ಗಾಡಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಚಿತ್ರ ತೆಗೆಯುವವರಿಗೆ ಅದೇ ಸುಸಮಯ. ಮಧ್ಯಾಹ್ನದ ನಿಶ್ಶಬ್ದದಲ್ಲಿ ಗಾಡಿ ಕಣ್ಣಿಗೆ ಬೀಳುವ ಮುನ್ನವೇ ಕಣಿವೆಯಲ್ಲಿ ಅದರ ಮೊರೆತ ಕೇಳಿಬರುತ್ತದೆ. ತಲೆ ಸುರಂಗದೊಳಗೆ ಹೊಕ್ಕಿದ್ದರೂ ಬಾಲವಿನ್ನೂ ಹಿಂದಿನ ತಿರುವಿನಲ್ಲೇ! ತಲೆ ಕಾಣುತ್ತಲೇ ಅವಸರಪಡದೆ, ಕೊನೆಯ ಬ್ಯಾಂಕರ್ ಎಂಜಿನ್ ಬರುವವರೆಗೂ ತಾಳ್ಮೆಯಿಂದಿರಬೇಕು. ಹಳಿಯ ಮೇಲೆ ನಡೆಯುವುದು ಮಾತ್ರ ಸಲ್ಲದು: ಅದು ಕಾನೂನಿಗೆ ವಿರುದ್ಧ, ಸುರಂಗದಲ್ಲಿ ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರ. ನಿಲ್ದಾಣದಿಂದಲೋ ರೈಲಿನ ಕಿಟಕಿಯಿಂದಲೋ ಸಿಕ್ಕಷ್ಟು ಚಿತ್ರವೇ ಸಾಕು.

ಚಿತ್ರದಲ್ಲಿ ಕಾಣದ ದುಡಿಮೆಯೂ ಒಂದುಂಟು. 2018ರ ಆಗಸ್ಟಿನಲ್ಲಿ ಘಟ್ಟ ಹಲವೆಡೆ ಕುಸಿದು ಸಂಚಾರ ಬಹುಕಾಲ ನಿಂತಿತು. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಮತ್ತೆ ಮಣ್ಣು ಜರಿಯಿತು. ಮಳೆಗಾಲದ ಕತ್ತಲೆಯಲ್ಲಿ ದೀಪ ಹಿಡಿದು ಹಳಿಯುದ್ದಕ್ಕೂ ನಡೆದು ನೋಡುವ ಗಸ್ತಿನವರ ಎಚ್ಚರದ ಮೇಲೆಯೇ ಗಾಡಿಯ ಕ್ಷೇಮ ನಿಂತಿದೆ. ಸುರಂಗದಿಂದ ಹೊರಬಂದ ಗಾಡಿಯನ್ನು ಕಂಡು ಚಪ್ಪಾಳೆ ತಟ್ಟುವ ಮಕ್ಕಳಿಗೆ, ಆ ಕಾಲ್ನಡಿಗೆಯವರ ಮಾತನ್ನೂ ಹಿರಿಯರು ತಿಳಿಸಿಕೊಡಬೇಡವೆ?