ಟ್ರಾಕ್ಟರಿನ ಬ್ಯಾಟರಿಗೆ ತಕ್ಕ ಚಾರ್ಜರಿನ ಆಯ್ಕೆ

ಸುಗ್ಗಿ ಮುಗಿದ ಮೇಲೆ ನಿಲ್ಲಿಸಿಟ್ಟ ಟ್ರಾಕ್ಟರು ಭರಣಿಯ ಮಳೆ ಬಿದ್ದ ಮರುದಿನ ಚಾಲೂ ಆಗದಿರುವುದು ಅನೇಕ ಗ್ರಾಮಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ನೆಲದ ಹದವಾದರೋ ಯಾರಿಗೂ ಕಾಯುವುದಿಲ್ಲ. ಸುಮ್ಮನಿರುವ ಬ್ಯಾಟರಿಯು ತಾನಾಗಿಯೇ ಶಕ್ತಿಯನ್ನು ಕಳೆದುಕೊಳ್ಳುವುದು. ಬೇಸಗೆಯಲ್ಲಿ ಈ ನಷ್ಟವು ಅಧಿಕ. ಬರಿದಾದುದನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಲವಣವು ಗಟ್ಟಿಕಟ್ಟಿ, ಮತ್ತೆ ಪೂರ್ಣಶಕ್ತಿಯು ಬರಲಾರದು. ಆದುದರಿಂದ ಟ್ರಾಕ್ಟರುಳ್ಳವರು ನಾಲ್ಕಾರು ಮಂದಿ ಸೇರಿಯಾದರೂ ಒಂದು ಚಾರ್ಜರನ್ನು ಕೊಂಡಿಟ್ಟುಕೊಳ್ಳುವುದು ಉಚಿತವು.

ಬೆಲೆ ಕೇಳುವುದಕ್ಕೆ ಮುಂಚೆ ಬ್ಯಾಟರಿಯ ಮೇಲಣ ಚೀಟಿಯನ್ನು ಓದಿಕೊಳ್ಳತಕ್ಕದ್ದು. ಅದರಲ್ಲಿ ೧೨ ವೋಲ್ಟ್, ೮೦ ಆಂಪಿಯರ್-ಗಂಟೆ ಎಂಬಂತೆ ನಮೂದಾಗಿರುವುದು. ಆಂಪಿಯರ್-ಗಂಟೆಯ ಹತ್ತನೆಯ ಒಂದು ಪಾಲಿನಷ್ಟು ಪ್ರವಾಹವು ಕ್ಷೇಮಕರ. ಎಂದರೆ ೮೦ಕ್ಕೆ ೮ ಆಂಪಿಯರ್. ಪೂರಾ ಬರಿದಾದುದು ಹೀಗೆ ತುಂಬಲು ಸುಮಾರು ೧೨ ಗಂಟೆ ಹಿಡಿಯುವುದು. ೪ ಆಂಪಿಯರಿನ ಚಿಕ್ಕ ಚಾರ್ಜರಿನಿಂದ ಕೆಡುಕಿಲ್ಲ, ಹೊತ್ತು ಮಾತ್ರ ಇಮ್ಮಡಿ. ಬೇಗ ತುಂಬೀತೆಂದು ೩೦ ಆಂಪಿಯರನ್ನು ಹರಿಯಿಸಿದರೆ ಫಲಕಗಳು ಕಾದು ಬಾಗುವುವು, ನೀರು ಆರಿಹೋಗುವುದು.

ಇದಕ್ಕಿಂತಲೂ ಮುಖ್ಯವಾದುದೊಂದುಂಟು. ಹಳೆಯ ಮಾದರಿಯ ಅಗ್ಗದ ಚಾರ್ಜರುಗಳು ಬ್ಯಾಟರಿ ತುಂಬಿದ ಮೇಲೂ ಪ್ರವಾಹವನ್ನು ನೂಕುತ್ತಲೇ ಇರುವುವು. ರಾತ್ರಿ ಹಾಕಿ ಮಲಗಿದವನು ಬೆಳಗ್ಗೆ ನೋಡುವುದು ಕುದಿದ ಬ್ಯಾಟರಿಯನ್ನೇ. ಸುಮಾರು ೧೪.೪ ವೋಲ್ಟ್ ಮುಟ್ಟಿದೊಡನೆ ಪ್ರವಾಹವನ್ನು ತಾನೇ ತಗ್ಗಿಸುವ ಸ್ವಯಂಚಾಲಿತ ಚಾರ್ಜರಿಗೆ ಬೆಲೆ ಹೆಚ್ಚಾದರೂ ಅದನ್ನೇ ಆರಿಸತಕ್ಕದ್ದು. ನೀರು ಹಾಕಲು ಬಿರಡೆಯಿಲ್ಲದ, ಮುಚ್ಚಿದ ಬ್ಯಾಟರಿಗಂತೂ ಇದು ಅತ್ಯವಶ್ಯಕ. ಆದರೆ ಇವುಗಳಲ್ಲಿ ಕೆಲವು, ವಿದ್ಯುತ್ತು ನಿಂತು ಬಂದಾಗ ಗುಂಡಿಯನ್ನು ಮತ್ತೆ ಒತ್ತುವವರೆಗೂ ಸುಮ್ಮನಿರುವುವು. ಕೆಲವು ತೀರಾ ಬರಿದಾದ ಬ್ಯಾಟರಿಯನ್ನು ಗುರುತಿಸವು. ಹಳ್ಳಿಯವರು ಈ ಎರಡನ್ನೂ ಅಂಗಡಿಯಲ್ಲಿಯೇ ವಿಚಾರಿಸತಕ್ಕದ್ದು.

ದಿನವೂ ಓಡುವ ಟ್ರಾಕ್ಟರಿನ ಬ್ಯಾಟರಿಯು ಪದೇಪದೇ ಬರಿದಾಗುತ್ತಿದ್ದರೆ ಪಟ್ಟಿಯ ಸಡಿಲವನ್ನೂ ಆಲ್ಟರ್ನೇಟರನ್ನೂ ಮೊದಲು ಪರೀಕ್ಷಿಸಬೇಕು. ಅದಕ್ಕೆ ಚಾರ್ಜರು ಔಷಧವಲ್ಲ.

ತುಂಬುವಾಗ ಬ್ಯಾಟರಿಯಿಂದ ಸಿಡಿಯುವ ಸ್ವಭಾವದ ಜಲಜನಕ ವಾಯುವು ಹೊರಡುವುದು. ಗಾಳಿಯಾಡುವ ಸ್ಥಳದಲ್ಲಿಟ್ಟು, ಬೀಡಿ ದೀಪಗಳನ್ನು ದೂರವಿರಿಸಿ, ಕೆಂಪು ತಂತಿಯನ್ನು ಧನ ತುದಿಗೂ ಕಪ್ಪನ್ನು ಋಣ ತುದಿಗೂ ಸೇರಿಸಿದ ತರುವಾಯವೇ ಸ್ವಿಚ್ಚು ಹಾಕತಕ್ಕದ್ದು. ಬಿಚ್ಚುವಾಗ ಮೊದಲು ಸ್ವಿಚ್ಚು ತೆಗೆದು, ಅನಂತರ ತಂತಿಯನ್ನು ಮುಟ್ಟತಕ್ಕದ್ದು.