ಎಂಜಿನ್ನಿಗೆ ಕಾಪು, ಹೊಳೆಗೆ ಕೇಡು

ಕಾಗಿಣಾ ನದಿಯ ದಂಡೆಯ ಮಳಖೇಡವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ನೃಪತುಂಗನ ರಾಜಧಾನಿ ಮಾನ್ಯಖೇಟ. ಇಂದಾದರೋ ಆ ನೆಲದ ಸುಣ್ಣದ ಕಲ್ಲು ಸಿಮೆಂಟಾಗುತ್ತಿದೆ. ಸೇಡಂ, ವಾಡಿಗಳ ರಸ್ತೆಗಳಲ್ಲಿ ಲಾರಿಗಳ ಸಾಲು. ಈ ಲಾರಿಗಳ ಹೊಟ್ಟೆಯೊಳಗಿನ ಎಣ್ಣೆಯ ಕಥೆಯೂ ಕೇಳತಕ್ಕದ್ದೇ.

ಎಂಜಿನ್ನಿನಲ್ಲಿ ಉಕ್ಕು ಉಕ್ಕನ್ನು ಉಜ್ಜುತ್ತದೆ. ನಡುವೆ ಎಣ್ಣೆಯ ಪೊರೆಯಿರುವವರೆಗೆ ಭಯವಿಲ್ಲ. ಒತ್ತಡ ಹೆಚ್ಚಿ ಪೊರೆ ಹರಿದೊಡನೆ ಲೋಹ ಸವೆಯತೊಡಗುತ್ತದೆ. ಇದನ್ನು ತಡೆಯಲು ಎಣ್ಣೆಗೆ ಬೆರೆಸುವ ಮದ್ದು ಝಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್. ಹೆಸರು ನಾಲಗೆಗೆ ಭಾರ. ಕೆಲಸ ಮಾತ್ರ ಸೊಗಸು. 1940ರ ದಶಕದಿಂದ ಬಳಕೆಗೆ ಬಂದ ಈ ವಸ್ತು ಉಜ್ಜುವ ಜಾಗದಲ್ಲಿ ತಾನೇ ಒಡೆದು, ಗಾಜಿನಂಥ ಫಾಸ್ಫೇಟ್ ಲೇಪವಾಗಿ ಕೂರುತ್ತದೆ. ಅದರ ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು! ಲೇಪ ಸವೆಯುತ್ತದೆ, ಉಕ್ಕು ಉಳಿಯುತ್ತದೆ.

ಹಾಗಾದರೆ ಕೇಡೇನು? ಎಂಜಿನ್ನಿನಲ್ಲಿ ಎಣ್ಣೆಯೂ ಅಷ್ಟಿಷ್ಟು ಉರಿಯುತ್ತದೆ. ಆಗ ರಂಜಕವು ಹೊಗೆಯೊಡನೆ ಹೊರಟು, ಹೊಗೆಯನ್ನು ಶುದ್ಧಿಗೊಳಿಸುವ ವೇಗವರ್ಧಕದ ಶಕ್ತಿಯನ್ನು ಕುಂದಿಸುತ್ತದೆ; ಸತುವಿನ ಬೂದಿ ಡೀಸೆಲ್ ಮಸಿಯನ್ನು ಹಿಡಿಯುವ ಫಿಲ್ಟರಿನ ರಂಧ್ರಗಳನ್ನು ಮುಚ್ಚುತ್ತದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಈ ಸಾಧನಗಳು ನಮ್ಮ ಹೊಸ ಲಾರಿಗಳಿಗೂ ಅವಶ್ಯವಾದವು. ಇನ್ನು ಹಳೆಯ ಎಣ್ಣೆಯನ್ನು ಮೋರಿಗೆ ಸುರಿದರೆ, ಮಳೆಗಾಲದಲ್ಲಿ ಅದು ಹಳ್ಳ ಸೇರಿ, ಕಾಗಿಣೆಯ ಮೂಲಕ ಭೀಮೆಯವರೆಗೂ ಹೋದೀತು. ಸತುವು ಹೆಚ್ಚಾದರೆ ಜಲಚರಗಳಿಗೆ ವಿಷ.

ಮದ್ದನ್ನು ಬಿಟ್ಟೇಬಿಡೋಣವೆಂದರೆ ಎಂಜಿನ್ ಉಳಿಯದು. ಆದ್ದರಿಂದಲೇ 2004ರಲ್ಲಿ ಅಮೆರಿಕದ ತಜ್ಞರು ಪೆಟ್ರೋಲ್ ಕಾರುಗಳ ತೆಳು ಎಣ್ಣೆಗಳಲ್ಲಿ ರಂಜಕವು ಶೇಕಡಾ 0.08ನ್ನು ಮೀರಬಾರದು, 0.06ಕ್ಕೆ ಇಳಿಯಲೂ ಬಾರದು ಎಂದು ಗೆರೆ ಎಳೆದರು. ಬೋರಾನಿನ ಸಂಯುಕ್ತಗಳು, ಲೋಹವಿಲ್ಲದ ಕಾರಣ ಬೂದಿಯುಳಿಸದ ಗಂಧಕ-ರಂಜಕ ಸಂಯುಕ್ತಗಳು ಈಗ ಸತುವಿನ ಪಾಲನ್ನು ತಗ್ಗಿಸಲು ನೆರವಾಗುತ್ತಿವೆ.

ನಮ್ಮ ಹಿರಿಯರು ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಹರಳೆಣ್ಣೆಯೂ ಇಲ್ಲಿ ನೆನೆಯತಕ್ಕದ್ದು. ಅದರ ಅಣುವಿನ ಒಂದು ತುದಿ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೊದಲನೆಯ ಮಹಾಯುದ್ಧದ ಹಲವು ವಿಮಾನಗಳು ಇದರ ಬಲದಿಂದಲೇ ಹಾರಿದವು. ಹೊಂಗೆಯೆಣ್ಣೆಯ ಮೇಲೂ ಪ್ರಯೋಗಗಳು ನಡೆದಿವೆ. ಆದರೆ ಸಸ್ಯದ ಎಣ್ಣೆ ಹೆಚ್ಚು ಕಾವಿಗೆ ಬೇಗ ಕೆಟ್ಟು ಗಟ್ಟಿಯಾಗುವುದರಿಂದ, ಅದನ್ನು ರಾಸಾಯನಿಕವಾಗಿ ಮಾರ್ಪಡಿಸಿಯೇ ಬಳಸಬೇಕು.

ಅಲ್ಲಿಯವರೆಗೆ ವಾಹನವುಳ್ಳ ವಾಚಕರು ಮಾಡಬಹುದಾದದ್ದು ಎರಡು: ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸುವುದು, ತೆಗೆದ ಎಣ್ಣೆಯನ್ನು ಮೋರಿಗೆ ಚೆಲ್ಲದೆ, ಪುನಃ ಶುದ್ಧೀಕರಿಸುವ ಪರವಾನಗಿದಾರರಿಗೆ ತಲುಪುವಂತೆ ನೋಡಿಕೊಳ್ಳುವುದು.